ಮೇಯರ್ ಆಯ್ಕೆ ನಮ್ಮ ಕೈಲಿಲ್ಲ, ಹಾಗಾದರೆ ಯಾರಿಗೆ ಏನು ಕೇಳಬೇಕು?

ತುಮಕೂರಿನಲ್ಲಿ ಪಾಲಿಕೆ ಚುನಾವಣೆಯ ಮಾತು ಬಂದರೆ ಸಾಕು, "ಈ ಸಲ ಮೇಯರ್ ಯಾರು" ಅನ್ನೋ ಲೆಕ್ಕ ಶುರುವಾಗುತ್ತದೆ. ಟೌನ್‌ಹಾಲ್ ವೃತ್ತದಿಂದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲ್‌ವರೆಗೂ ಇದೇ ಚರ್ಚೆ. ಯಾವ ಜಾತಿಗೆ ಸಿಗುತ್ತೆ, ಯಾವ ಪಕ್ಷಕ್ಕೆ ಸಿಗುತ್ತೆ, ಯಾರು ಯಾರ ಕಡೆ. ಆದರೆ ಈ ಲೆಕ್ಕದಲ್ಲಿ ನಮ್ಮ ಓಟು ಎಲ್ಲಿದೆ? ನೇರವಾಗಿ ಎಲ್ಲೂ ಇಲ್ಲ.

ಉತ್ತರ ಪ್ರದೇಶದಲ್ಲಿ ಜನ ಮೇಯರ್‌ಗೇ ನೇರವಾಗಿ ಓಟು ಹಾಕುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ 35 ವಾರ್ಡಿನವರು 35 ಕಾರ್ಪೊರೇಟರ್‌ಗಳನ್ನು ಆರಿಸುತ್ತೇವೆ. ಆಮೇಲೆ ಅವರು, ಜೊತೆಗೆ ಎಂಎಲ್ಎ, ಎಂಪಿ, ಎಂಎಲ್‌ಸಿಗಳು ಸೇರಿ ಪ್ರಾದೇಶಿಕ ಆಯುಕ್ತರ ಮುಂದೆ ಕೈ ಎತ್ತಿ ಮೇಯರ್ ಮತ್ತು ಉಪಮೇಯರ್ ಆರಿಸುತ್ತಾರೆ. ಆ ಕುರ್ಚಿ ಯಾವ ವರ್ಗಕ್ಕೆ ಮೀಸಲು ಅನ್ನೋದನ್ನು ಸರ್ಕಾರ ತೀರ್ಮಾನಿಸಿರುತ್ತದೆ. ಹೀಗಾಗಿ ಮೇಯರ್ ಕ್ಯಾಂಡಿಡೇಟ್ ಅಂತ ಯಾರೂ ನಿಮ್ಮ ಮನೆ ಬಾಗಿಲಿಗೆ ಪ್ರಣಾಳಿಕೆ ಹಿಡಿದು ಬರುವುದಿಲ್ಲ. ಬರುವುದು ವಾರ್ಡಿನ ಕ್ಯಾಂಡಿಡೇಟು. ಜನರ ಮಾತಿಗೆ ಬೆಲೆ ಕೊಡ್ತೀರಾ, ಹೇಗೆ ಕೊಡ್ತೀರಾ ಅಂತ ಕೇಳಬೇಕಾದದ್ದೂ ಅವರನ್ನೇ. ಅದನ್ನು ಹೇಗೆ ಕೇಳೋದು ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಹಳೇ ಲೆಕ್ಕ. 2018ರ ಆಗಸ್ಟ್ 31ಕ್ಕೆ ನಮ್ಮ ಪಾಲಿಕೆಗೆ ಮತದಾನ ಆಯಿತು. ಬಿಜೆಪಿಗೆ 12, ಕಾಂಗ್ರೆಸ್‌ಗೆ 10, ಜೆಡಿಎಸ್‌ಗೆ 10, ಉಳಿದ 3 ಪಕ್ಷೇತರರಿಗೆ. 35 ಕಾರ್ಪೊರೇಟರ್‌ಗಳಲ್ಲಿ ಅರ್ಧ ದಾಟಬೇಕಾದರೆ 18 ಬೇಕು. ಯಾರಿಗೂ ಇಲ್ಲ. ಅಂದರೆ ನೀವು ಯಾರನ್ನು ಸೋಲಿಸಬೇಕು ಅಂತ ಓಟು ಹಾಕಿದಿರೋ ಅವರ ಜೊತೆಗೇ ನಿಮ್ಮ ಕಾರ್ಪೊರೇಟರ್ ಕೈ ಎತ್ತುವ ಸಾಧ್ಯತೆ ಯಾವಾಗಲೂ ಇರುತ್ತದೆ. ಅದು ತಪ್ಪು ಅಂತಲ್ಲ, ಮೈತ್ರಿ ಇಲ್ಲದೆ ಪಾಲಿಕೆ ನಡೆಯುವುದಿಲ್ಲ. ಆದರೆ ಕೇಳಿಟ್ಟುಕೊಳ್ಳಬೇಕು. "ಬಹುಮತ ಬರದಿದ್ರೆ ಯಾರ ಕಡೆ ಕೈ ಎತ್ತೀರಾ? ಅದಕ್ಕೆ ಮುಂಚೆ ವಾರ್ಡಿನವರನ್ನ ಒಂದು ಮಾತು ಕೇಳ್ತೀರಾ?" ಪಕ್ಷೇತರರಿಗಂತೂ ಇದೇ ಮೊದಲ ಪ್ರಶ್ನೆ ಆಗಬೇಕು.

ಇನ್ನೊಂದು ವಿಷಯ. 1976ರ ಪಾಲಿಕೆ ಕಾಯ್ದೆ ಮೇಯರ್‌ಗೆ ಇಟ್ಟ ಅವಧಿ ಒಂದೇ ವರ್ಷ. ಹಾರ ತುರಾಯಿ, ಸನ್ಮಾನ ಮುಗಿಯುವ ಹೊತ್ತಿಗೆ ಅರ್ಧ ವರ್ಷ ಹೋಗಿರುತ್ತದೆ. ದಿನನಿತ್ಯದ ಆಡಳಿತ ಪಾಲಿಕೆ ಆಯುಕ್ತರ ಕೈಲಿ. ಹಾಗಾಗಿ ಊರಿಗೆಲ್ಲ ಒಬ್ಬ ಒಳ್ಳೇ ಮೇಯರ್ ಬಂದು ಜನರನ್ನು ಕೂರಿಸಿ ಮಾತಾಡಿಸುತ್ತಾರೆ ಅಂತ ಕಾಯುವುದು ಸುಮ್ನೆ ಹೊತ್ತು ಕಳೆಯುವ ಕೆಲಸ. ಐದು ವರ್ಷ ಇರುವವರು ವಾರ್ಡಿನ ಕಾರ್ಪೊರೇಟರ್. ಐದು ವರ್ಷ ಇರಬಹುದಾದ ಇನ್ನೊಂದು ವ್ಯವಸ್ಥೆ ವಾರ್ಡ್ ಸಮಿತಿ.

ವಾರ್ಡ್ ಸಮಿತಿ ಅಂದರೆ ಏನು, ಇಷ್ಟಾದರೂ ಗೊತ್ತಿರಲಿ

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದು ಹೇಳುತ್ತದೆ. 2011ರ ಜನಗಣತಿಯಲ್ಲಿ ತುಮಕೂರು 3 ಲಕ್ಷದ ಗೆರೆಯನ್ನು ಸ್ವಲ್ಪದರಲ್ಲೇ ದಾಟಿತ್ತು. ಕರ್ನಾಟಕ ತನ್ನ ಪಾಲಿಕೆ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿ, ಅದರ ಕೆಳಗೆ ಏರಿಯಾ ಸಭೆ (ವಾರ್ಡಿನ ಒಂದೊಂದು ಭಾಗದ ಮತದಾರರ ಸಭೆ) ಅಂತ ಸೇರಿಸಿತು. 2016ರಲ್ಲಿ ನಿಯಮಗಳೂ ಬಂದವು.

ಕಾರ್ಪೊರೇಟರ್ ಇದಕ್ಕೆ ಅಧ್ಯಕ್ಷ. ಪಾಲಿಕೆ ನೇಮಿಸುವ 10 ಜನ ಸದಸ್ಯರು. ಅದರಲ್ಲಿ ಕನಿಷ್ಠ 3 ಮಹಿಳೆಯರು, 2 ಜನ ಪರಿಶಿಷ್ಟ ಜಾತಿ ಅಥವಾ ಪಂಗಡದವರು, 2 ಜನ ನಿವಾಸಿಗಳ ಸಂಘದ ಪ್ರತಿನಿಧಿಗಳು ಇರಬೇಕು. ತಿಂಗಳಿಗೊಂದು ಸಭೆ. ವಾರ್ಡಿಗೆ ಏನು ಕಾಮಗಾರಿ ಬೇಕು ಅಂತ ಯೋಜನೆ ಮಾಡುವುದು, ಬಂದ ದುಡ್ಡು ಸರಿಯಾಗಿ ಖರ್ಚಾಯಿತಾ ಅಂತ ನೋಡುವುದು, ನೀರು, ಕಸ, ಬೀದಿ ದೀಪ ನೋಡಿಕೊಳ್ಳುವುದು ಇದರ ಕೆಲಸ. ಆದರೆ ಒಂದು ಕೊಕ್ಕೆ ಇದೆ. ಸಮಿತಿಯ ತೀರ್ಮಾನವನ್ನು ತಡೆಹಿಡಿಯುವ ಅಧಿಕಾರವನ್ನೂ ಕಾನೂನು ಅಧ್ಯಕ್ಷರಿಗೇ ಕೊಟ್ಟಿದೆ. ಅಂದರೆ ಕಾರ್ಪೊರೇಟರ್‌ಗೆ ಮನಸ್ಸಿಲ್ಲದಿದ್ದರೆ ಸಮಿತಿ ಫೋಟೋಗೆ ಮಾತ್ರ. ಅದಕ್ಕೇ ಚುನಾವಣೆಗೆ ಮುಂಚೆಯೇ ಬಾಯಿ ಬಿಡಿಸಬೇಕು ಅನ್ನೋದು.

ಮಂಗಳೂರಿನವರನ್ನು ನೋಡಿ. ಅಲ್ಲಿ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಆಮೇಲೆ ಪಾಲಿಕೆ ಅರ್ಜಿ ಕರೆದು 60 ವಾರ್ಡಿಗೂ ಸಮಿತಿ ಮಾಡಿತು. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು? ನಿಮ್ಮ ವಾರ್ಡಿಗೆ ಸಮಿತಿ ಇತ್ತಾ, ಇದ್ದರೆ ಸದಸ್ಯರು ಯಾರು ಅಂತ ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಕೇಳಿ ನೋಡಿ. ಉತ್ತರ ಬರದಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆ.

ಕರಪತ್ರ ಓದುವ ಬಗೆ

ಎಲ್ಲ ಕ್ಯಾಂಡಿಡೇಟ್‌ಗಳ ಕರಪತ್ರ ಇಟ್ಟುಕೊಳ್ಳಿ, ಬಿಸಾಡಬೇಡಿ. ಒಂದು ಪೆನ್ನು ತಗೊಂಡು ಪ್ರತಿ ಸಾಲಿನ ಕೊನೆಯ ಪದಕ್ಕೆ ಗೆರೆ ಎಳೆಯಿರಿ. "ಶ್ರಮಿಸುತ್ತೇನೆ", "ಗಮನ ಹರಿಸಲಾಗುವುದು", "ಸದಾ ಜನರೊಂದಿಗೆ ಇರುತ್ತೇನೆ", "ಮಾದರಿ ವಾರ್ಡ್ ಮಾಡುವ ಕನಸು". ಇವನ್ನೆಲ್ಲ ಹೊಡೆದು ಹಾಕಿ. ನಾಳೆ ಆಗಲಿಲ್ಲ ಅಂತ ಹಿಡಿದು ಕೇಳೋಕೆ ಇದರಲ್ಲಿ ಏನೂ ಸಿಗುವುದಿಲ್ಲ.

ಉಳಿದ ಸಾಲುಗಳಲ್ಲಿ ಎರಡನೇ ಜರಡಿ ಹಿಡಿಯಿರಿ. ಹೇಳಿರೋದು ಕಾರ್ಪೊರೇಟರ್ ಕೈಲಿ ಆಗುವಂಥದ್ದಾ? ತುಮಕೂರಿಗೆ ಮೆಟ್ರೋ ತರಿಸುತ್ತೇನೆ ಅಂದರೆ ಅದು ರಾಜ್ಯ ಮತ್ತು ಕೇಂದ್ರದ ವಿಷಯ. ಹೇಮಾವತಿ ನೀರು ಜಾಸ್ತಿ ಬಿಡಿಸುತ್ತೇನೆ ಅಂದರೆ ಅದೂ ಅವರ ಕೈಲಿಲ್ಲ. ಆದರೆ ಬುಗುಡನಹಳ್ಳಿ ಕೆರೆಯಿಂದ ಊರಿಗೆ ಬಂದ ನೀರನ್ನು ನಮ್ಮ ಬೀದಿಗೆ ಯಾವ ದಿನ, ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಮುಂಚೆಯೇ ತಿಳಿಸುವ ಏರ್ಪಾಡು ಮಾಡಿಸಬಹುದು. ಕಸದ ಆಟೋ ಬರುವ ಸಮಯ, ಚರಂಡಿ ಹೂಳು ಎತ್ತುವುದು, ಬೀದಿ ದೀಪ, ಪಾರ್ಕಿನ ಬೀಗ ಯಾರ ಹತ್ತಿರ ಇರಬೇಕು, ಈ ಥರದ್ದು ಅವರ ಕೈಲಿ ಆಗುತ್ತದೆ. ದೊಡ್ಡ ದೊಡ್ಡ ಮಾತು ಬರೆದು ಈ ಚಿಕ್ಕ ವಿಷಯ ಒಂದನ್ನೂ ಬರೆಯದ ಕರಪತ್ರ ನನಗೆ ಯಾವತ್ತೂ ಅನುಮಾನ ಹುಟ್ಟಿಸುತ್ತದೆ.

ಮನೆ ಬಾಗಿಲಿಗೆ ಬಂದಾಗ

ಅವರು ಬರುವುದು ಹದಿನೈದು ಇಪ್ಪತ್ತು ಜನರ ಜೊತೆ. ಹಿಂದೆ ತಮಟೆ, ಮುಂದೆ ಕರಪತ್ರ ಹಂಚುವ ಹುಡುಗರು. ನಿಮಗೆ ಸಿಗೋದು ಒಂದು ನಿಮಿಷ. "ನಮ್ಮ ಏರಿಯಾಗೆ ಏನು ಮಾಡ್ತೀರಾ" ಅಂತ ಕೇಳಿದರೆ "ಎಲ್ಲಾ ಮಾಡೋಣಕ್ಕ" ಅಂತ ಕೈ ಮುಗಿದು ಮುಂದಿನ ಮನೆಗೆ ಹೋಗುತ್ತಾರೆ. ಹಾಗಾಗಿ ಪ್ರಶ್ನೆ ಚಿಕ್ಕದಿರಬೇಕು. ಉತ್ತರದಲ್ಲಿ ದಿನಾಂಕನೋ ಜಾಗನೋ ಹೆಸರೋ ಬರಲೇಬೇಕು, ಹಾಗೆ ಕೇಳಬೇಕು.

"ಗೆದ್ರೆ ವಾರ್ಡ್ ಸಮಿತಿ ಸಭೆ ತಿಂಗಳ ಯಾವ ವಾರ ಮಾಡ್ತೀರಣ್ಣ?"

"ಎಲ್ಲರನ್ನೂ ಕರೆದು ಮಾಡೋಣಕ್ಕ."

"ಕರೀರಿ, ಸಂತೋಷ. ಯಾವ ವಾರ?"

"ಭಾನುವಾರ ಮಾಡೋಣ ಬಿಡಿ."

"ಎರಡನೇ ಭಾನುವಾರ ಅಂತ ಬರ್ಕೊಳ್ಲಾ? ಸ್ಕೂಲಲ್ಲಾ, ಪಾರ್ಕಲ್ಲಾ?"

ಇಲ್ಲಿಗೆ ಬರುವ ಹೊತ್ತಿಗೆ ಪಕ್ಕದಲ್ಲಿರುವ ಹುಡುಗರು ಗಡಿಯಾರ ನೋಡಲು ಶುರು ಮಾಡಿರುತ್ತಾರೆ. ಪರವಾಗಿಲ್ಲ. ಬೆಂಗಳೂರಿನಲ್ಲಿ ಹಿಂದೆ ಬಿಬಿಎಂಪಿ ಇದ್ದಾಗ ವಾರ್ಡ್ ಸಮಿತಿಗೆ ತಿಂಗಳ ಮೊದಲ ಶನಿವಾರ ಅಂತ ಗೊತ್ತು ಮಾಡಿದ್ದರು. ದಿನ ಖಾಯಂ ಆದರೆ ಜನ ನೆನಪಿಟ್ಟುಕೊಂಡು ಬರುತ್ತಾರೆ. "ಅಗತ್ಯ ಬಿದ್ದಾಗ ಕರೀತೀವಿ" ಅಂದರೆ ಆ ಅಗತ್ಯ ಐದು ವರ್ಷವೂ ಬೀಳುವುದಿಲ್ಲ.

ಸಮಯ ಇದ್ದರೆ ಇನ್ನೆರಡು ಕೇಳಿ. ಸಭೆಯ ನಡಾವಳಿ ಎಲ್ಲಿ ಸಿಗುತ್ತದೆ? ಬರೀ ರಿಜಿಸ್ಟರ್‌ನಲ್ಲಿ ಬರೆದು ಬೀರುವಿನಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಫೋಟೋ ತೆಗೆದು ಹಾಕ್ತೀರಾ? ಆಮೇಲೆ, ಆ 10 ಜನ ಸದಸ್ಯರ ಹೆಸರನ್ನು ಪಾಲಿಕೆಗೆ ಕಳಿಸೋ ಮುಂಚೆ ಅರ್ಜಿ ಕರೀತೀರಾ, ಇಲ್ಲ ನಿಮ್ಮ ಹಿಂದೆ ಈಗ ನಿಂತಿರೋರನ್ನೇ ಹಾಕ್ತೀರಾ? ಇದನ್ನು ನಗ್ತಾ ಕೇಳಿ. ಆದರೆ ಕೇಳಿ.

ಮಹಿಳಾ ಮೀಸಲು ವಾರ್ಡಿನಲ್ಲಿ ಒಂದು ಎಚ್ಚರ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. ಕ್ಯಾಂಡಿಡೇಟ್ ಅಕ್ಕ ಸುಮ್ಮನೆ ನಿಂತಿದ್ದು, ಯಜಮಾನರು ಮಾತಾಡುತ್ತಿದ್ದರೆ "ಸಾರ್, ನೀವು ಒಂದ್ನಿಮಿಷ ಇರಿ, ಅಕ್ಕ ಹೇಳಲಿ" ಅನ್ನಿ. ಮರ್ಯಾದೆಯಾಗಿಯೇ ಹೇಳಬಹುದು. ಎಷ್ಟೋ ಸಲ ಆಕೆಗೆ ಬೀದಿಯ ನೀರಿನ ಕಥೆ ಯಜಮಾನರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಮಾತಾಡಲು ಬಿಟ್ಟಿರುವುದಿಲ್ಲ ಅಷ್ಟೇ. ಓಟು ಪಡೆಯುವವರು ಆಕೆ, ಸಭೆಗೆ ಅಧ್ಯಕ್ಷೆ ಆಗುವವರೂ ಆಕೆ. ಉತ್ತರವೂ ಆಕೆಯಿಂದಲೇ ಬರಲಿ.

ಹಳಬರು ಮತ್ತೆ ನಿಂತಿದ್ದರೆ

ಇದು ಎಲ್ಲಕ್ಕಿಂತ ಸುಲಭ. ಭರವಸೆ ಕೇಳಬೇಕಾಗಿಲ್ಲ, ದಾಖಲೆ ಕೇಳಿದರೆ ಸಾಕು. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಹಾಗಾಗಿ ಚುನಾವಣೆ ಘೋಷಣೆ ಆದ ಮೇಲೆ ಹಾಕಿದರೆ ತಡ ಆಯಿತು ಅಂತಲೇ ಲೆಕ್ಕ. ಈಗಲೇ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ತುಂಬಾ ಜನ ಎಲ್ಲಾ ಸಿಟ್ಟನ್ನೂ ಒಂದೇ ಅರ್ಜಿಯಲ್ಲಿ ಸುರಿದು ಅದು ತಿರಸ್ಕಾರ ಆಗಿ ವಾಪಸ್ ಬರುತ್ತದೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಕಾರಣಕ್ಕೆ ಉತ್ತರ ಬರುವುದಿಲ್ಲ. ದಾಖಲೆಯ ಪ್ರತಿ ಕೇಳಿ. ಹೀಗೆ ಬರೆಯಬಹುದು:

"ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ತುಮಕೂರು ಮಹಾನಗರ ಪಾಲಿಕೆ ಇವರಿಗೆ. ವಿಷಯ: ವಾರ್ಡ್ ಸಂಖ್ಯೆ ಇಷ್ಟರ ವಾರ್ಡ್ ಸಮಿತಿ. ಸದರಿ ವಾರ್ಡಿನ ವಾರ್ಡ್ ಸಮಿತಿಯ ರಚನೆ ಆದೇಶದ ಪ್ರತಿ, ಸದಸ್ಯರ ಪಟ್ಟಿ, ನಡೆದ ಎಲ್ಲಾ ಸಭೆಗಳ ಹಾಜರಾತಿ ಮತ್ತು ನಡಾವಳಿಗಳ ದೃಢೀಕೃತ ಪ್ರತಿಗಳನ್ನು ನೀಡಬೇಕಾಗಿ ಕೋರುತ್ತೇನೆ. ಸಮಿತಿ ರಚನೆಯಾಗಿಲ್ಲದಿದ್ದಲ್ಲಿ ಹಾಗೆಂದು ಲಿಖಿತವಾಗಿ ತಿಳಿಸುವುದು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ."

ಕೆಳಗೆ ಹೆಸರು, ವಿಳಾಸ, ಸಹಿ, ತಾರೀಖು. ಖುದ್ದಾಗಿ ಕೊಟ್ಟರೆ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. 30 ದಿನಕ್ಕೆ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು. ಎರಡನೇ ಅರ್ಜಿಯನ್ನು ಬೇರೆಯಾಗಿ, ಬೇಕಿದ್ದರೆ ಪಕ್ಕದ ಮನೆಯವರ ಹೆಸರಲ್ಲಿ, ವಾರ್ಡಿನಲ್ಲಿ ಆದ ಕಾಮಗಾರಿಗಳ ಪಟ್ಟಿ ಮತ್ತು ಮೊತ್ತಕ್ಕೆ ಹಾಕಿ. ಆ ಪಟ್ಟಿ ಕೈಗೆ ಬಂದ ದಿನ ಒಂದು ಸಂಜೆ ಬೀದಿ ಸುತ್ತಿ ನೋಡಿ. ಕಾಗದದಲ್ಲಿರುವ ಚರಂಡಿ ನೆಲದ ಮೇಲೂ ಇದೆಯಾ ಅಂತ ನೋಡುವುದಕ್ಕಿಂತ ಚೆನ್ನಾದ ವಾಕಿಂಗ್ ಇನ್ನೊಂದಿಲ್ಲ.

ಎಲ್ಲ ಕ್ಯಾಂಡಿಡೇಟ್‌ಗಳನ್ನೂ ಒಂದೇ ಕಡೆ ಕೂರಿಸುವುದು

ಬಾಗಿಲಲ್ಲಿ ಕೇಳಿದ್ದು ಬಾಗಿಲಲ್ಲೇ ಉಳಿಯುತ್ತದೆ. ನಾಲ್ಕು ಜನರ ಮುಂದೆ ಹೇಳಿದರೆ ಅದರ ತೂಕ ಬೇರೆ. ಎಸ್.ಎಸ್. ಪುರಂ ಆಗಲಿ, ಮರಳೂರಾಗಲಿ, ಶಿರಾ ಗೇಟ್ ಕಡೆಯಾಗಲಿ, ಒಂದು ನಿವಾಸಿಗಳ ಸಂಘವೋ ಮಹಿಳಾ ಸಂಘವೋ ಸೇರಿದರೆ ಮಾಡಬಹುದು.

ಜಾಗ ಆರಿಸುವಾಗ ದೇವಸ್ಥಾನ, ಮಸೀದಿ, ಚರ್ಚಿನ ಆವರಣ ಬೇಡ. ನೀತಿ ಸಂಹಿತೆಯಲ್ಲಿ ಪ್ರಚಾರಕ್ಕೆ ಅದನ್ನು ಬಳಸುವಂತಿಲ್ಲ, ಆಮೇಲೆ ತಲೆನೋವು ನಿಮಗೇ. ಸಮುದಾಯ ಭವನವೋ ಖಾಸಗಿ ಹಾಲೋ ನೋಡಿ. ಮೈಕ್ ಇದ್ದರೆ ಅನುಮತಿ ಬೇಕು, ಚುನಾವಣಾಧಿಕಾರಿ ಕಚೇರಿಯಲ್ಲಿ ಮುಂಚೆಯೇ ಅರ್ಜಿ ಕೊಡಿ. ಎಲ್ಲ ಪಕ್ಷದವರಿಗೂ, ಪಕ್ಷೇತರರಿಗೂ ಒಂದೇ ದಿನ, ಒಂದೇ ಒಕ್ಕಣೆಯ ಪತ್ರ ಕೊಡಿ. ಒಬ್ಬರನ್ನು ಬಿಟ್ಟರೂ "ಇದು ಆ ಪಕ್ಷದವರ ಸಭೆ" ಅಂತ ಹೆಸರು ಬೀಳುತ್ತದೆ, ಅಲ್ಲಿಗೆ ಮುಗಿಯಿತು.

ದಿನ ಗೊತ್ತು ಮಾಡುವಾಗ ಪಂಚಾಂಗಕ್ಕಿಂತ ಮೊದಲು ನೀರು ಬಿಡುವವರನ್ನು ಕೇಳಿ. ನಲ್ಲಿಯಲ್ಲಿ ನೀರು ಬರುವ ಸಂಜೆ ಸಭೆ ಇಟ್ಟರೆ ಹೆಂಗಸರು ಒಬ್ಬರೂ ಬರುವುದಿಲ್ಲ. ನೀರು, ಕಸ, ದೀಪ ಇದನ್ನೆಲ್ಲ ದಿನಾ ಅನುಭವಿಸುವವರೇ ಅವರು, ಅವರಿಲ್ಲದ ಸಭೆಯಲ್ಲಿ ನಾಲ್ಕು ರಿಟೈರ್ಡ್ ಮೇಷ್ಟ್ರುಗಳು ಕೂತು ಸಂವಿಧಾನದ ಬಗ್ಗೆ ಭಾಷಣ ಮಾಡಿ ಎದ್ದು ಹೋಗುತ್ತಾರೆ. ಮೇಷ್ಟ್ರುಗಳ ಮೇಲೆ ಗೌರವ ಇದೆ. ಆದರೂ.

ಒಬ್ಬರಿಗೆ ಐದು ನಿಮಿಷ. ಪ್ರಶ್ನೆಗಳನ್ನು ಮುಂಚೆಯೇ ಚೀಟಿಯಲ್ಲಿ ಬರೆಸಿ, ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಿ. ಸಮಯ ನೋಡಲು ಯಾವ ಪಕ್ಷಕ್ಕೂ ಸೇರದ, ಸ್ವಲ್ಪ ಗಟ್ಟಿ ದನಿಯವರನ್ನು ಕೂರಿಸಿ. ಕ್ಯಾಂಡಿಡೇಟ್ ಬರಲಿಲ್ಲ, ಬೇರೆ ಯಾರನ್ನೋ ಕಳಿಸಿದರು ಅಂದರೆ ಕುರ್ಚಿ ಖಾಲಿ ಇಡಿ, ಹೆಸರಿನ ಚೀಟಿ ಹಾಗೇ ಇರಲಿ. ವಿಡಿಯೋ ಮಾಡುವುದಾದರೆ ಎಲ್ಲರದ್ದೂ ಪೂರ್ತಿ ಮಾಡಿ, ಕತ್ತರಿಸಿ ಹಾಕಬೇಡಿ.

ದುಡ್ಡಿನ ಪ್ರಶ್ನೆ

ಜನರ ಸಹಭಾಗಿತ್ವ ಅಂತ ಎಷ್ಟು ಮಾತಾಡಿದರೂ ಕೊನೆಗೆ ನೋಡಬೇಕಾದದ್ದು ಯಾರ ಮಾತಿನ ಮೇಲೆ ದುಡ್ಡು ಖರ್ಚಾಗುತ್ತದೆ ಅಂತ. ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿ ಇವೆ. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಬಜೆಟ್ ತಯಾರಿಯಲ್ಲಿ ಹಣಕಾಸು ಸಮಿತಿಗೆ ದೊಡ್ಡ ಪಾತ್ರ. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಅಂತ ಒಂದನ್ನು ಪಾಲಿಕೆಗಳು ಕರೆಯುತ್ತವೆ. ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದಿರುತ್ತದೆ, ನೋಡಿದವರು ನೋಡಿದರು. ಕ್ಯಾಂಡಿಡೇಟ್‌ಗೆ ಕೇಳಿ: "ಆ ಸಭೆಗೆ ಮುಂಚೆ ವಾರ್ಡಿನಲ್ಲಿ ಒಂದು ಸಭೆ ಮಾಡಿ, ನಮ್ಮ ಮೂರು ಬೇಡಿಕೆ ತಗೊಂಡು ಹೋಗ್ತೀರಾ? ವಾಪಸ್ ಬಂದು ಯಾವುದು ಸೇರಿತು, ಯಾವುದು ಬಿಟ್ಟುಹೋಯಿತು ಹೇಳ್ತೀರಾ?"

ಸ್ಮಾರ್ಟ್ ಸಿಟಿಯ ವಿಷಯವನ್ನೂ ಇಲ್ಲೇ ಎತ್ತಬಹುದು. 2016ರಲ್ಲಿ ತುಮಕೂರು ಆ ಪಟ್ಟಿಗೆ ಸೇರಿದಾಗ ಅದರ ಕೆಲಸಕ್ಕೆ ಅಂತ ಬೇರೆಯೇ ಒಂದು ಕಂಪನಿ ಆಯಿತು, ಅದಕ್ಕೆ ವ್ಯವಸ್ಥಾಪಕ ನಿರ್ದೇಶಕರು, ನಿರ್ದೇಶಕರ ಮಂಡಳಿ. ರಸ್ತೆ, ಪಾರ್ಕು, ಕೆರೆ ದಂಡೆಯ ಕೆಲಸದ ತೀರ್ಮಾನಗಳು ನಾವು ಆರಿಸಿದ ಕೌನ್ಸಿಲ್‌ನ ಮೇಜಿನ ಮೇಲೆ ಆಗುವುದಕ್ಕಿಂತ ಆ ಮಂಡಳಿಯಲ್ಲಿ ಆಗುವ ವ್ಯವಸ್ಥೆ ಅದು. ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ಕಟ್ಟಿದ್ದನ್ನು ಈಗ ನೋಡಿಕೊಳ್ಳುವ ಖರ್ಚು ಯಾರದ್ದು, ಮುಂದೆ ಇಂಥ ಯೋಜನೆ ಬಂದರೆ ಕಾಮಗಾರಿ ಶುರುವಾಗುವ ಮುಂಚೆ ವಾರ್ಡ್ ಸಭೆಯಲ್ಲಿ ನಕ್ಷೆ ತೋರಿಸಬೇಕು ಅಂತ ಕೌನ್ಸಿಲ್‌ನಲ್ಲಿ ಒತ್ತಾಯ ಮಾಡ್ತೀರಾ ಅಂತ ಕೇಳಿ. ಕಸದ ವಿಷಯದಲ್ಲೂ ಇದೇ. ಊರಿನ ಕಸ ಅಜ್ಜಗೊಂಡನಹಳ್ಳಿಗೆ ಹೋಗುತ್ತದೆ. ಆ ಹಳ್ಳಿಯವರ ಮಾತನ್ನು ಕೌನ್ಸಿಲ್‌ನಲ್ಲಿ ಎತ್ತುವವರು ಯಾರು? ಇದಕ್ಕೆ ತಡವರಿಸದೆ ಉತ್ತರ ಕೊಡುವ ಕ್ಯಾಂಡಿಡೇಟ್ ಸಿಕ್ಕರೆ ನನ್ನ ಪ್ರಕಾರ ಅವರಿಗೆ ಎರಡು ಅಂಕ ಜಾಸ್ತಿ.

ಬರೆಸಿಕೊಳ್ಳುವುದು

ಸಭೆ ಮುಗಿದ ಮೇಲೆ ಒಂದು ಹಾಳೆ ಮುಂದೆ ಇಡಿ. ಜಾಸ್ತಿ ಬೇಡ, ನಾಲ್ಕು ಸಾಲು ಸಾಕು. ಗೆದ್ದ ಮೇಲೆ ಇಷ್ಟು ದಿನದೊಳಗೆ ವಾರ್ಡ್ ಸಮಿತಿಗೆ ಅರ್ಜಿ ಕರೆಯಲು ಪಾಲಿಕೆಗೆ ಪತ್ರ ಬರೆಯುತ್ತೇನೆ. ತಿಂಗಳ ಇಂಥ ದಿನ, ಇಂಥ ಜಾಗದಲ್ಲಿ ಸಭೆ. ನಡಾವಳಿ ಒಂದು ವಾರದೊಳಗೆ ಗ್ರೂಪಿಗೆ. ಸಮಿತಿಯ ತೀರ್ಮಾನ ತಡೆದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡುತ್ತೇನೆ. ಕೆಳಗೆ ಸಹಿ. ಇದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ, ನಿಜ. ಆದರೆ ಸಹಿ ಮಾಡಿದ ಹಾಳೆಯ ಫೋಟೋ ಐನೂರು ಮೊಬೈಲ್‌ನಲ್ಲಿ ಇದ್ದರೆ ಅದರ ಬೆಲೆ ಬೇರೆ. "ಪಾರ್ಟಿ ಕೇಳಿ ಹೇಳ್ತೀನಿ" ಅಂದವರ ಹೆಸರಿನ ಮುಂದೆ ಅದನ್ನೇ ಬರೆದು ಹಾಕಿ, ಬೈಯಬೇಡಿ.

ಫಲಿತಾಂಶ ಬಂದ ಮೇಲೆ, ನಿಮ್ಮವರು ಗೆದ್ದರೂ ಸೋತರೂ, ಮೊದಲ ತಿಂಗಳಲ್ಲೇ ಎರಡು ಕೆಲಸ ಮಾಡಿ. ಒಂದು, ನಿಮ್ಮ ನಿವಾಸಿಗಳ ಸಂಘ ನೋಂದಣಿ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಮಾಡಿಸಿ, ಸಮಿತಿಯಲ್ಲಿ ಸಂಘದ ಪ್ರತಿನಿಧಿಗಳಿಗೆ ಇರುವ ಆ ಎರಡು ಸ್ಥಾನಕ್ಕೆ ಅದು ಬೇಕಾಗುತ್ತದೆ. ಎರಡು, ಬೀದಿಯಿಂದ ಕನಿಷ್ಠ ಇಬ್ಬರು ಹೆಂಗಸರನ್ನು ಸಮಿತಿಗೆ ಅರ್ಜಿ ಹಾಕಲು ಒಪ್ಪಿಸಿ, ಅರ್ಜಿ ಕರೆದಿಲ್ಲದಿದ್ದರೂ ಬಿಳಿ ಹಾಳೆಯಲ್ಲೇ ಬರೆದು ಆಯುಕ್ತರ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಮೂರು ತಿಂಗಳಾದರೂ ಸದ್ದಿಲ್ಲ ಅಂದರೆ ಆ ಸೀಲ್ ಇರುವ ಪ್ರತಿ ಮತ್ತು ಸಹಿ ಮಾಡಿದ ಹಾಳೆ ಎರಡನ್ನೂ ಹಿಡಿದುಕೊಂಡು ಕಾರ್ಪೊರೇಟರ್ ಮನೆಗೆ ಹೋಗಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.